ಒಂದೇ ನುಡಿ, ಎರಡು ನಾಡು: ಬ್ರಿಟನ್ನಿಗೆ ಬಂದಿಳಿದ ಅಮೆರಿಕನ್ನರು ಕಲಿತ ಪಾಠ

ಭಾಷೆ ತಿಳಿಯದ ನಾಡಿಗೆ ಹೋದವನು ಮೊದಲ ದಿನದಿಂದಲೇ ಎಚ್ಚರದಿಂದಿರುತ್ತಾನೆ. ತನಗೆ ತಿಳಿಯದು ಎಂಬ ಅರಿವು ಅವನಿಗಿರುವುದರಿಂದ ಕೇಳುತ್ತಾನೆ, ಕಾಯುತ್ತಾನೆ, ಎದುರಿನವರ ಮುಖ ನೋಡಿ ಮಾತನ್ನು ಊಹಿಸುತ್ತಾನೆ. ತನ್ನದೇ ಭಾಷೆಯನ್ನಾಡುವ ಪರನಾಡಿಗೆ ಹೋದವನಿಗೆ ಈ ಎಚ್ಚರ ಇರುವುದಿಲ್ಲ. ಕಿವಿಗೆ ಬಿದ್ದ ಪದವೆಲ್ಲ ಪರಿಚಿತವಾದದ್ದು. ಆದ್ದರಿಂದ ಅರ್ಥವೂ ಪರಿಚಿತವೇ ಎಂದು ನಂಬುತ್ತಾನೆ. ಒಂದು ಭಾಷೆಯ ಒಡಲಲ್ಲಿಯೇ ಹಲವು ದೇಸಿಗಳಿರುತ್ತವೆಂಬುದನ್ನು ಕವಿರಾಜಮಾರ್ಗದ ಕಾಲದಿಂದಲೂ ಬಲ್ಲ ಕನ್ನಡದ ವಿದ್ಯಾರ್ಥಿಗಳಿಗೆ ಇದು ಹೊಸ ಸಂಗತಿಯೇನಲ್ಲ. ಆದರೆ ಈ ನಂಬಿಕೆಯಿಂದ ಎಂತಹ ಅನರ್ಥಗಳು ಸಂಭವಿಸಬಲ್ಲವು ಎಂಬುದಕ್ಕೆ ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಬ್ರಿಟಿಷರೊಡನೆ ಬೆರೆತ ಅಮೆರಿಕನ್ನರ ಅನುಭವ ಒಂದು ದೊಡ್ಡ ನಿದರ್ಶನ.

ಎರಡೂ ನಾಡುಗಳ ಇಂಗ್ಲಿಷ್ ಬೇರೆಬೇರೆಯಾಗಿ ಬೆಳೆಯತೊಡಗಿ ಆ ಹೊತ್ತಿಗೆ ಬಹುಕಾಲ ಸಂದಿತ್ತು. ನೋಹ ವೆಬ್‌ಸ್ಟರ್ 1828ರಲ್ಲಿ ಅಮೆರಿಕನ್ ಇಂಗ್ಲಿಷಿನ ನಿಘಂಟನ್ನು ಪ್ರಕಟಿಸಿ, ತನ್ನ ನಾಡಿನ ಕಾಗುಣಿತಕ್ಕೂ ಪದಬಳಕೆಗೂ ಸ್ವತಂತ್ರ ಮಾನ್ಯತೆ ತಂದುಕೊಟ್ಟಿದ್ದನು. ಕಾದಂಬರಿಕಾರ ನಥಾನಿಯಲ್ ಹಾಥಾರ್ನ್ 1853ರಿಂದ 1857ರವರೆಗೆ ಲಿವರ್‌ಪೂಲಿನಲ್ಲಿ ಅಮೆರಿಕದ ಕಾನ್ಸಲ್ ಆಗಿದ್ದನು. ಆ ಅನುಭವವನ್ನು ಆಧರಿಸಿ ಆತ 1863ರಲ್ಲಿ ಪ್ರಕಟಿಸಿದ ಗ್ರಂಥಕ್ಕೆ ‘ಅವರ್ ಓಲ್ಡ್ ಹೋಮ್’ ಎಂದು ಹೆಸರಿಟ್ಟನು. ‘ನಮ್ಮ ಹಳೆಯ ಮನೆ’ ಎಂಬ ಆ ಶೀರ್ಷಿಕೆಯಲ್ಲಿ ಸಲುಗೆಯೂ ಇದೆ, ದೂರವೂ ಇದೆ. ಆದರೆ ಅಂದು ಇಂಗ್ಲೆಂಡಿಗೆ ಹೋಗುತ್ತಿದ್ದವರು ಲೇಖಕರು, ವ್ಯಾಪಾರಿಗಳು, ಸಿರಿವಂತ ಪ್ರವಾಸಿಗರು. ಸಾಮಾನ್ಯ ಅಮೆರಿಕನ್ನನು ಬ್ರಿಟನ್ನಿನ ಸಾಮಾನ್ಯರ ನಡುವೆ ಬಂದು ನಿಂತದ್ದು ಎರಡನೆಯ ಮಹಾಯುದ್ಧದ ಕಾಲದಲ್ಲಿ.

1942ರ ಜನವರಿ 26ರಂದು ಅಮೆರಿಕದ ಸೈನಿಕರ ಮೊದಲ ತಂಡ ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟಿನಲ್ಲಿ ಇಳಿಯಿತು. 1944ರ ಜೂನ್ ತಿಂಗಳ ನಾರ್ಮಂಡಿ ದಾಳಿಯ ವೇಳೆಗೆ ಬ್ರಿಟನ್ನಿನಲ್ಲಿದ್ದ ಅಮೆರಿಕನ್ ಸೈನಿಕರ ಸಂಖ್ಯೆ ಸುಮಾರು 15 ಲಕ್ಷಕ್ಕೇರಿತ್ತು. ಅವರಲ್ಲಿ ಬಹುಪಾಲು ಮಂದಿ ಅದುವರೆಗೆ ಸ್ವದೇಶದ ಗಡಿ ದಾಟಿದವರಲ್ಲ. ಅಂಥವರಿಗಾಗಿ ಅಮೆರಿಕದ ಯುದ್ಧ ಇಲಾಖೆ 1942ರಲ್ಲಿ ಒಂದು ಕಿರುಹೊತ್ತಗೆಯನ್ನು ಹೊರತಂದಿತು. ಬ್ರಿಟನ್ನಿನಲ್ಲಿ ಹೇಗೆ ನಡೆದುಕೊಳ್ಳಬೇಕು, ಏನನ್ನು ಆಡಬಾರದು, ಅಲ್ಲಿಯ ಹಣವನ್ನು ಹೇಗೆ ಎಣಿಸಬೇಕು ಎಂಬುದನ್ನೆಲ್ಲ ತಿಳಿಸುವ ಆ ಕೈಪಿಡಿಯ ಕೊನೆಯಲ್ಲಿ ಒಂದು ಪದಕೋಶವೂ ಇತ್ತು. ಇಂಗ್ಲಿಷ್ ಬಲ್ಲವರಿಗೆ ಇಂಗ್ಲಿಷ್ ಪದಕೋಶ! ಸೈನಿಕರ ಕೈಗೆಂದು ಅಚ್ಚಾದ ಈ ಹೊತ್ತಗೆಯನ್ನು ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯ 1994ರಲ್ಲಿ ಮರುಮುದ್ರಿಸಿತು.

ಆ ಪದಭೇದಗಳನ್ನು ನೋಡುವ ಕನ್ನಡಿಗನಿಗೆ ಒಂದು ಸೋಜಿಗ ಕಾದಿರುತ್ತದೆ. ಅಮೆರಿಕನ್ನನಿಗೆ ಹೊಸದಾಗಿ ಕಂಡ ಬ್ರಿಟಿಷ್ ಪದಗಳಲ್ಲಿ ಹಲವು ನಮ್ಮ ಹಳ್ಳಿಗಳಲ್ಲಿಯೂ ಬಳಕೆಯಲ್ಲಿವೆ. ಅವನ ‘ಟ್ರಕ್’ ಅಲ್ಲಿ ಲಾರಿ, ‘ಗ್ಯಾಸ್’ ಅಲ್ಲಿ ಪೆಟ್ರೋಲು, ‘ಎಲಿವೇಟರ್’ ಅಲ್ಲಿ ಲಿಫ್ಟು, ‘ಫ್ಲ್ಯಾಶ್‌ಲೈಟ್’ ಅಲ್ಲಿ ಟಾರ್ಚು, ‘ಕುಕಿ’ ಅಲ್ಲಿ ಬಿಸ್ಕತ್ತು. ವಸಾಹತು ಆಡಳಿತದ ಮೂಲಕ ಕನ್ನಡಕ್ಕೆ ಬಂದದ್ದು ಬ್ರಿಟಿಷರ ಇಂಗ್ಲಿಷ್ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಿಲ್ಲ. ನೆಲಮಟ್ಟದ ಅಂತಸ್ತಿನ ಮೇಲಿನದನ್ನು ನಾವು ಮೊದಲ ಮಹಡಿ ಎನ್ನುತ್ತೇವೆ. ಬ್ರಿಟಿಷನ ‘ಫಸ್ಟ್ ಫ್ಲೋರ್’ ಕೂಡ ಅದೇ. ಅಮೆರಿಕನ್ನನಿಗಾದರೋ ನೆಲಮಟ್ಟದ್ದೇ ‘ಫಸ್ಟ್ ಫ್ಲೋರ್’.

ಹೊಸ ಪದಗಳು ಅಷ್ಟಾಗಿ ತೊಂದರೆ ಕೊಡಲಾರವು. ಲಾರಿ ಎಂದರೇನೆಂದು ತಿಳಿಯದವನು ಕೇಳಿ ತಿಳಿಯುತ್ತಾನೆ. ತೊಂದರೆ ಕೊಡುವುದು ಎರಡೂ ಕಡೆ ಇದ್ದು, ಅರ್ಥದಲ್ಲಿ ಬೇರೆಯಾದ ಪದಗಳು. ಅಮೆರಿಕನ್ನನಿಗೆ ‘ವೆಸ್ಟ್’ ಎಂದರೆ ಅಂಗಿಯ ಮೇಲೆ ತೊಡುವ ತೋಳಿಲ್ಲದ ಉಡುಪು. ಬ್ರಿಟಿಷನಿಗೆ ಅದು ಒಳಗೆ ತೊಡುವ ಬನಿಯನ್ನು. ಅವನಿಗೆ ‘ಬಮ್’ ಎಂದರೆ ಅಲೆಮಾರಿ, ಸೋಮಾರಿ. ಇವರಿಗೆ ಅದು ಪೃಷ್ಠಭಾಗ. ತಾನು ಅಲೆಮಾರಿಯಂತೆ ಕಾಣುತ್ತಿದ್ದೇನೆಂದು ಸೈನಿಕನು ಸಹಜವಾಗಿ ಹೇಳಿಕೊಂಡರೆ ಕೇಳಿದವರು ಮುಜುಗರಪಡಬೇಕಾಗುತ್ತಿತ್ತು. ‘ಬ್ಲಡಿ’ ಎಂಬುದು ಅಮೆರಿಕನ್ ಕಿವಿಗೆ ಸಪ್ಪೆ ಮಾತು. ಅಂದಿನ ಬ್ರಿಟನ್ನಿನಲ್ಲಿ ಹೆಂಗಸರ ಮುಂದೆ ಆಡಬಾರದ ಬೈಗುಳ. ಕೈಪಿಡಿ ಈ ಎರಡು ಪದಗಳ ಬಗ್ಗೆ ವಿಶೇಷವಾಗಿ ಎಚ್ಚರಿಸುತ್ತದೆ. ‘ಹೌ ಡು ಯು ಡು’ ಎಂಬುದು ಪ್ರಶ್ನೆಯ ರೂಪದಲ್ಲಿದ್ದರೂ ಪ್ರಶ್ನೆಯಲ್ಲ. ನಮ್ಮಲ್ಲಿ ‘ಊಟ ಆಯ್ತಾ?’ ಎಂದವರಿಗೆ ಉಂಡ ಪದಾರ್ಥಗಳನ್ನು ಯಾರೂ ವರ್ಣಿಸುವುದಿಲ್ಲವಷ್ಟೆ. ಉತ್ತರ ಇಂಗ್ಲೆಂಡಿನ ದುಡಿಯುವ ಜನರ ಮನೆಗಳಲ್ಲಿ ‘ಟೀ’ಗೆ ಕರೆದರೆ ಅದು ಬರಿಯ ಚಹವಲ್ಲ, ಸಂಜೆಯ ಊಟ, ಅಲ್ಲಿ ‘ಡಿನ್ನರ್’ ಎಂಬುದು ಮಧ್ಯಾಹ್ನದ್ದು.

ಹಣದ ಲೆಕ್ಕವೂ ಹೊಸಬನನ್ನು ದಣಿಸುತ್ತಿತ್ತು. ನೂರು ಸೆಂಟಿಗೆ ಒಂದು ಡಾಲರೆಂದು ಎಣಿಸಿ ಬೆಳೆದವನ ಮುಂದೆ 12 ಪೆನ್ಸಿಗೆ ಒಂದು ಶಿಲ್ಲಿಂಗು, 20 ಶಿಲ್ಲಿಂಗಿಗೆ ಒಂದು ಪೌಂಡು ಎಂಬ ಕ್ರಮ ಬಂದು ನಿಂತಿತು. ಎರಡೂವರೆ ಶಿಲ್ಲಿಂಗಿನ ನಾಣ್ಯಕ್ಕೆ ‘ಹಾಫ್ ಕ್ರೌನ್’ ಎಂದು ಹೆಸರು. 21 ಶಿಲ್ಲಿಂಗಿನ ‘ಗಿನಿ’ಗೆ ಚಲಾವಣೆಯ ನಾಣ್ಯವೇ ಇಲ್ಲದಿದ್ದರೂ ಬೆಲೆಗಳನ್ನು ಅದರಲ್ಲಿ ಹೇಳುವುದಿತ್ತು. ಆಡುಮಾತಿನಲ್ಲಿ ಶಿಲ್ಲಿಂಗು ‘ಬಾಬ್’, ಪೌಂಡು ‘ಕ್ವಿಡ್’. ರೂಪಾಯಿಗೆ 16 ಆಣೆ, ಆಣೆಗೆ 12 ಪೈ ಎಂದು ಎಣಿಸುತ್ತಿದ್ದ ನಮ್ಮ ಹಿರಿಯರಿಗೆ ಇದು ವಿಚಿತ್ರವೆನಿಸುತ್ತಿರಲಿಲ್ಲ. ನಾವು ದಶಮಾನಕ್ಕೆ ಬಂದದ್ದು 1957ರಲ್ಲಿ, ಬ್ರಿಟನ್ ಬಂದದ್ದು 1971ರಲ್ಲಿ. ನಾಣ್ಯ ಹೋದರೂ ‘ನಾಲ್ಕಾಣೆ’, ‘ಎಂಟಾಣೆ’ ಎಂಬ ಮಾತುಗಳು ನಮ್ಮಲ್ಲಿ ಬಹುಕಾಲ ಉಳಿದವು.

ಕೈಪಿಡಿಯ ನಿಜವಾದ ಹೆಚ್ಚುಗಾರಿಕೆ ಇರುವುದು ಪದಗಳ ಪಟ್ಟಿಯಲ್ಲಲ್ಲ. ನಡವಳಿಕೆಗೆ ಕಾರಣಗಳನ್ನು ಹುಡುಕುವ ಅದರ ರೀತಿಯಲ್ಲಿ. ರೈಲಿನಲ್ಲಿ, ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತ ಬ್ರಿಟಿಷನು ಮಾತನಾಡಿಸದಿದ್ದರೆ ಅದು ಜಂಭವಲ್ಲ. ಕಿರಿದಾದ ದ್ವೀಪದಲ್ಲಿ ಒತ್ತೊತ್ತಾಗಿ ಬಾಳುವ ಜನ ಒಬ್ಬರಿನ್ನೊಬ್ಬರ ಏಕಾಂತಕ್ಕೆ ಕೊಡುವ ಮರ್ಯಾದೆ ಎಂದು ಅದು ವಿವರಿಸುತ್ತದೆ. ಬಣ್ಣ ಕಾಣದ ಮನೆಗಳೂ ಕೊಳೆಯಾದ ರೈಲುಗಳೂ ಸೋಮಾರಿತನದ ಗುರುತಲ್ಲ. ದುಡಿಯುವ ಕೈಗಳೆಲ್ಲ ಯುದ್ಧದ ಕೆಲಸಕ್ಕೆ ಹೋಗಿದ್ದವು. ಅಮೆರಿಕನ್ ಸೈನಿಕನ ಸಂಬಳ ಬ್ರಿಟಿಷ್ ಸೈನಿಕನದಕ್ಕಿಂತ ಹಲವು ಪಟ್ಟು ಹೆಚ್ಚು. ಆದ್ದರಿಂದ ಕಾಸನ್ನು ಎರಚಿ ಮೆರೆಯುವುದು ಅಲ್ಲಿ ಒರಟುತನವೆನಿಸುತ್ತಿತ್ತು.

ಇವೆಲ್ಲಕ್ಕಿಂತ ಮನಮುಟ್ಟುವುದು ಊಟದ ಕುರಿತಾದ ಎಚ್ಚರಿಕೆ. ಬ್ರಿಟನ್ನಿನಲ್ಲಿ ಪಡಿತರ 1940ರ ಜನವರಿಯಲ್ಲಿ ಆರಂಭವಾಗಿತ್ತು. ಅದೇ ವರ್ಷ ಜುಲೈಯಿಂದ ಒಬ್ಬನಿಗೆ ವಾರಕ್ಕೆ ಎರಡು ಔನ್ಸು, ಎಂದರೆ ಸುಮಾರು 57 ಗ್ರಾಂ ಚಹಪುಡಿ ಮಾತ್ರ ಸಿಗುತ್ತಿತ್ತು. ಇಂಥ ಮನೆಯೊಡತಿ ಅತಿಥಿಯ ತಟ್ಟೆಗೆ ಮತ್ತಷ್ಟು ಬಡಿಸುತ್ತ ‘ಸಂಕೋಚ ಬೇಡ’ ಎಂದರೆ, ಬಡಿಸುತ್ತಿರುವುದು ಇಡೀ ಕುಟುಂಬದ ವಾರದ ಪಾಲಾಗಿರಬಹುದು. ಆಡಿದ ಮಾತು ‘ತಿನ್ನಿ’ ಎಂದು. ತಿಳಿಯಬೇಕಾದದ್ದು ‘ಹಿತಮಿತವಾಗಿ ತಿನ್ನಿ’ ಎಂದು. ಈ ಅಂತರವನ್ನು ಯಾವ ನಿಘಂಟೂ ತುಂಬಲಾರದು. ಆಡುವವರ ಬಾಳನ್ನು ಅರಿತವನಿಗೆ ಮಾತ್ರ ಅದು ಹೊಳೆಯುತ್ತದೆ.

ಹೊಸಬರು ತಮ್ಮ ಕಟ್ಟಳೆಗಳನ್ನೂ ಹೊತ್ತು ತಂದಿದ್ದರು. ಅಂದಿನ ಅಮೆರಿಕದ ಸೇನೆ ಕರಿಯರನ್ನೂ ಬಿಳಿಯರನ್ನೂ ಬೇರೆಬೇರೆ ತುಕಡಿಗಳಲ್ಲಿ ಇಡುತ್ತಿತ್ತು. ತಮ್ಮದೇ ಭಾಷೆಯನ್ನಾಡುವ ಬ್ರಿಟಿಷರು ಈ ಭೇದವನ್ನೂ ಒಪ್ಪಿಯಾರೆಂದು ಅಧಿಕಾರಿಗಳು ಎಣಿಸಿರಬೇಕು. ಲ್ಯಾಂಕಾಶೈರಿನ ಬ್ಯಾಂಬರ್ ಬ್ರಿಡ್ಜ್ ಎಂಬ ಊರಿನ ಪಬ್ಬುಗಳಲ್ಲಿ ಕರಿಯ ಸೈನಿಕರಿಗೆ ಪ್ರವೇಶವಿರಕೂಡದೆಂಬ ಒತ್ತಾಯ ಬಂದಾಗ, ಅಲ್ಲಿಯವರು ‘ಕರಿಯ ಸೈನಿಕರಿಗೆ ಮಾತ್ರ’ ಎಂಬ ಫಲಕ ತೂಗುಹಾಕಿದರೆಂದು ದಾಖಲಾಗಿದೆ. ‘ಪಬ್’ ಎಂಬುದು ‘ಪಬ್ಲಿಕ್ ಹೌಸ್’ ಎಂಬುದರ ಹ್ರಸ್ವರೂಪ. ಎಲ್ಲರ ಮನೆಯೆಂಬ ಅದರ ಅರ್ಥವನ್ನು ಆ ಊರಿನವರು ಅಕ್ಷರಶಃ ಉಳಿಸಿಕೊಂಡರು. 1943ರ ಜೂನ್ 24ರ ರಾತ್ರಿ ಅದೇ ಊರಿನಲ್ಲಿ ಅಮೆರಿಕದ ಸೇನಾ ಪೊಲೀಸರಿಗೂ ಕರಿಯ ಸೈನಿಕರಿಗೂ ಗುಂಡಿನ ಕಾಳಗ ನಡೆದು, ವಿಲಿಯಂ ಕ್ರಾಸ್‌ಲ್ಯಾಂಡ್ ಎಂಬ ಕರಿಯ ಸೈನಿಕನು ಸತ್ತನು. ಬ್ರಿಟನ್ನಿನಲ್ಲಿಯೂ ವರ್ಣಭೇದ ಇರಲಿಲ್ಲವೆಂದಲ್ಲ. ಆದರೆ ಅದು ಅಮೆರಿಕದ ಕಟ್ಟಳೆಯ ರೂಪದಲ್ಲಿರಲಿಲ್ಲ.

ಸೈನಿಕರಷ್ಟೇ ಅಲ್ಲ, ಅವರ ದಂಡನಾಯಕರೂ ಎಡವಿದರು. ಎರಡೂ ದೇಶಗಳ ಸೇನಾಮುಖ್ಯಸ್ಥರು ಒಟ್ಟಾಗಿ ಸೇರಿದ ಒಂದು ಸಮಾಲೋಚನೆಯ ಸಂಗತಿಯನ್ನು ಚರ್ಚಿಲ್ ತನ್ನ ಯುದ್ಧೇತಿಹಾಸದಲ್ಲಿ ನೆನೆದಿದ್ದಾನೆ. ಬ್ರಿಟಿಷರು ತುರ್ತಾದ ಒಂದು ಟಿಪ್ಪಣಿಯನ್ನು ‘ಟೇಬಲ್’ ಮಾಡಬೇಕೆಂದರು. ಅವರ ಬಳಕೆಯಲ್ಲಿ ಅದಕ್ಕೆ ಚರ್ಚೆಗೆ ಮಂಡಿಸುವುದೆಂದು ಅರ್ಥ. ನಮ್ಮ ಶಾಸನಸಭೆಗಳಿಗೂ ಅದೇ ಅರ್ಥ ಬಂದಿದೆ. ಅಮೆರಿಕದ ಬಳಕೆಯಲ್ಲಿ ಅದಕ್ಕೆ ಬದಿಗಿರಿಸುವುದೆಂದು ಅರ್ಥ. ಇಬ್ಬರೂ ಬಯಸುತ್ತಿದ್ದುದು ಒಂದನ್ನೇ ಎಂದು ತಿಳಿಯುವ ಮೊದಲು ದೀರ್ಘವಾದ, ಕಹಿಯಾದ ವಾಗ್ವಾದವೇ ನಡೆದುಹೋಯಿತು.

ಅಲ್ಲಿ ಕಳೆದದ್ದು ಹೊತ್ತು ಮಾತ್ರ. ಕೊರಿಯಾ ಯುದ್ಧದ ಒಂದು ಸಂದರ್ಭ ಹಾಗಲ್ಲ. 1951ರ ಏಪ್ರಿಲ್ 22ರಿಂದ 25ರವರೆಗೆ ಇಮ್‌ಜಿನ್ ನದಿಯ ದಂಡೆಯಲ್ಲಿ ಬ್ರಿಟಿಷರ 29ನೆಯ ಬ್ರಿಗೇಡು ತನಗಿಂತ ಬಹುಪಾಲು ಹಿರಿದಾದ ಚೀನಾ ಸೇನೆಯನ್ನು ಎದುರಿಸಿತು. ಅದರ ಗ್ಲಾಸ್ಟರ್‌ಶೈರ್ ತುಕಡಿ ಸುತ್ತುವರಿಯಲ್ಪಟ್ಟಿತು. ಪರಿಸ್ಥಿತಿ ಹೇಗಿದೆಯೆಂದು ಅಮೆರಿಕನ್ ಮೇಲಧಿಕಾರಿ ಜನರಲ್ ಸೋಲ್ ವಿಚಾರಿಸಿದಾಗ ಬ್ರಿಗೇಡಿಯರ್ ಟಾಮ್ ಬ್ರೋಡಿ ‘ಎ ಬಿಟ್ ಸ್ಟಿಕಿ’ ಎಂದು ಉತ್ತರಿಸಿದನೆಂದು ವರದಿಯಾಗಿದೆ. ‘ಸ್ವಲ್ಪ ತೊಡಕಾಗಿದೆ’ ಎಂಬುದು ಅದರ ಮಾತಿನರ್ಥ. ಬ್ರಿಟಿಷ್ ಸೇನಾನಿಯ ಬಾಯಲ್ಲಿ ಅದು ‘ಸರ್ವನಾಶದ ಅಂಚಿನಲ್ಲಿದ್ದೇವೆ’ ಎಂದಂತೆ. ಕಷ್ಟವನ್ನು ಹಿಗ್ಗಿಸಿ ಹೇಳುವುದು ಹೇಡಿತನವೆಂದು ಆ ಪರಂಪರೆ ಕಲಿಸಿತ್ತು. ಅಮೆರಿಕನ್ನನಿಗೆ ಕೇಳಿಸಿದ್ದು ‘ಸ್ವಲ್ಪ’ ಎಂಬುದಷ್ಟೆ. ತುಕಡಿ ಅಲ್ಲಿಯೇ ನಿಲ್ಲಬೇಕಾಯಿತು. ಅದರಲ್ಲಿದ್ದ ಸುಮಾರು 650 ಮಂದಿಯಲ್ಲಿ ಐನೂರಕ್ಕೂ ಹೆಚ್ಚು ಜನ ಸೆರೆಯಾದರು. ತಪ್ಪಿಸಿಕೊಂಡು ಬಂದವರು ಬೆರಳೆಣಿಕೆಯ ಮಂದಿ.

ಆ ದುರಂತಕ್ಕೆ ಒಂದು ಮಾತೇ ಕಾರಣವೆನ್ನುವುದು ಇತಿಹಾಸಕ್ಕೆ ಒಪ್ಪುವ ಮಾತಲ್ಲ; ನೆರವಿಗೆ ಕಳುಹಿಸಿದ ಪಡೆಗಳೂ ಅವರನ್ನು ತಲುಪಲಾರದೆ ಹೋದವು. ಆದರೂ ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಬ್ರೋಡಿಯ ಭಾಷೆ ಸೋಲ್‌ನಿಗೆ ಬಾರದ ಬೇರೊಂದು ಭಾಷೆಯಾಗಿದ್ದು, ನಡುವೆ ದುಭಾಷಿಯೊಬ್ಬನಿದ್ದಿದ್ದರೆ ಏನಾಗುತ್ತಿತ್ತು? ಬಲ್ಲ ದುಭಾಷಿ ಪದವನ್ನಷ್ಟೇ ಅಲ್ಲ, ಅದರ ತೂಕವನ್ನೂ ದಾಟಿಸುತ್ತಿದ್ದನು. ಕನಿಷ್ಠ ‘ಸ್ವಲ್ಪ ಎಂದರೆ ಎಷ್ಟು?’ ಎಂದು ಮರಳಿ ಕೇಳುತ್ತಿದ್ದನು. ಒಂದೇ ಭಾಷೆ ಎಂಬ ನಂಬಿಕೆ ಆ ಮರುಪ್ರಶ್ನೆಗೆ ಎಡೆಗೊಡಲಿಲ್ಲ. 1942ರ ಆ ಕಿರುಹೊತ್ತಗೆ ಇಂದಿಗೂ ಓದಲು ಯೋಗ್ಯವಾಗಿರುವುದು ಈ ಕಾರಣಕ್ಕೆ. ಇಂಗ್ಲಿಷ್ ಬಲ್ಲ ತನ್ನ ಸೈನಿಕರು ಇಂಗ್ಲೆಂಡಿನಲ್ಲಿ ಮತ್ತೆ ವಿದ್ಯಾರ್ಥಿಗಳಾಗಬೇಕೆಂದು ಅದು ಅವರಿಗೆ ಮೊದಲೇ ಹೇಳಿತ್ತು.