ಟ್ರಾಮ್ ಕಥೆಗಳು, ಭಾಗ 4: 12 ಇಂಚು ಅಗೆದು ಹಳಿ ಹಾಕಿದ ಊರು

ರಸ್ತೆ ಅಗೆಯೋದು ಅಂದ್ರೆ ಏನು ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬೆಳಗ್ಗೆ ಜೆಸಿಬಿ ಬರುತ್ತೆ, ಮಧ್ಯಾಹ್ನ ಪೈಪ್ ಒಡೆಯುತ್ತೆ, ಸಂಜೆ ಹೊತ್ತಿಗೆ ಬೀದಿ ತುಂಬ ಧೂಳು. ಗುಂಡಿಯ ಮೇಲೆ ಹಲಗೆ ಹಾಕಿ ಗಿರಾಕಿಗೆ ಕಾಯುತ್ತ ಕೂತ ಅಂಗಡಿಯವರನ್ನೂ ನೋಡಿದ್ದೀವಿ. ಇವತ್ತಿನ ಕಥೆ, ಟ್ರಾಮ್ ಕಟ್ಟೋ ಮೊದಲು "ಎಷ್ಟು ಕಡಿಮೆ ಅಗೆದರೆ ಸಾಕು?" ಅಂತ ಕೇಳಿಕೊಂಡ ಒಂದು ಊರಿನದು.

ಟ್ರಾಮ್ ಹೊಗೆ ಬಿಡಲ್ಲ, ಹಾಗಾಗಿ ಪರಿಸರಕ್ಕೆ ಒಳ್ಳೇದು ಅಂತೀವಿ. ಓಡುವಾಗ ಅದು ನಿಜ. ಆದರೆ ಕಟ್ಟುವಾಗ? ರಸ್ತೆಯ ಕೆಳಗೆ ನೀರು, ಒಳಚರಂಡಿ, ಗ್ಯಾಸ್ ಪೈಪು, ಕೇಬಲ್ಲು ಎಲ್ಲ ಇರುತ್ತವೆ. ಭಾರದ ಗಾಡಿಗೆ ಆಳವಾದ ತಳಪಾಯ ಬೇಕು. ಆ ಪೈಪುಗಳನ್ನೆಲ್ಲ ಪಕ್ಕಕ್ಕೆ ಸರಿಸಬೇಕು. ಅಂದ್ರೆ ಒಂದೇ ಬೀದಿಯನ್ನು ಎರಡು ಸಲ ಅಗೆಯಬೇಕು: ಒಮ್ಮೆ ಪೈಪಿಗೆ, ಇನ್ನೊಮ್ಮೆ ಹಳಿಗೆ. ಲಾರಿಗಟ್ಟಲೆ ಮಣ್ಣು ಹೊರಗೆ, ಲಾರಿಗಟ್ಟಲೆ ಕಾಂಕ್ರೀಟ್ ಒಳಗೆ.

ಅಮೆರಿಕದ ಆರೆಗನ್ ರಾಜ್ಯದ ಪೋರ್ಟ್‌ಲ್ಯಾಂಡ್‌ನಲ್ಲಿ 1872ರಲ್ಲೇ ಕುದುರೆ ಎಳೆಯುವ ಟ್ರಾಮ್ ಇತ್ತು. ಆಮೇಲೆ ಕರೆಂಟಿನದು ಬಂತು. 1950ಕ್ಕೆ ಊರೊಳಗಿನ ಟ್ರಾಮ್ ನಿಂತೇಹೋಯ್ತು. 1990ರ ದಶಕದಲ್ಲಿ ಮತ್ತೆ ಬೇಕು ಅನ್ನಿಸಿದಾಗ ಕೈಯಲ್ಲಿದ್ದ ದುಡ್ಡು ಕಡಿಮೆ. ಆ ಬಡತನವೇ ಒಳ್ಳೇ ಬುದ್ಧಿ ಕಲಿಸಿತು ಅನ್ನಬಹುದು.

ಮೊದಲನೇ ತೀರ್ಮಾನ: ಚಿಕ್ಕ ಗಾಡಿ. ಜೆಕ್ ದೇಶದಿಂದ ತರಿಸಿದ ಬೋಗಿ ಸುಮಾರು 20 ಮೀಟರ್ ಉದ್ದ, ಅಗಲ 2.5 ಮೀಟರ್‌ಗಿಂತ ಸ್ವಲ್ಪ ಕಡಿಮೆ. ಹೆಚ್ಚೂಕಡಿಮೆ ಬಸ್ಸಿನಷ್ಟೇ ಅಗಲ. ಹಾಗಾಗಿ ಇರೋ ರಸ್ತೆಯಲ್ಲೇ, ಕಾರುಗಳ ಜೊತೆಗೇ ಓಡಿತು.

ಎರಡನೇದು: ಗಾಡಿ ಹಗುರ ಆದ್ದರಿಂದ ತಳಪಾಯವೂ ತೆಳು. 8 ಅಡಿ ಅಗಲ, 12 ಇಂಚು ದಪ್ಪದ ಕಾಂಕ್ರೀಟ್ ಹಾಸು. ಅಷ್ಟೇ! ಒಳಗೆ ಕಬ್ಬಿಣದ ಸರಳು ಕಟ್ಟಿರೋದ್ರಿಂದ, ನಾಳೆ ಕೆಳಗಿನ ಪೈಪ್ ರಿಪೇರಿಗೆ ಅಡ್ಡ ಗುಂಡಿ ತೋಡಿದರೂ ಹಾಸು ಪುಟ್ಟ ಸೇತುವೆ ಥರ ನಿಲ್ಲುತ್ತೆ. ಆದ್ದರಿಂದ ಬಹಳಷ್ಟು ಪೈಪುಗಳನ್ನು ಮುಟ್ಟೋ ಅಗತ್ಯವೇ ಬರಲಿಲ್ಲ.

ಮೂರನೇದು: ತುಂಡು ತುಂಡಾಗಿ ಕೆಲಸ. ಮೂರ್ನಾಲ್ಕು ಬ್ಲಾಕ್ ಅಗೆಯೋದು, ಮೂರ್ನಾಲ್ಕು ವಾರದಲ್ಲಿ ಮುಗಿಸೋದು, ಮುಂದಕ್ಕೆ ಹೋಗೋದು. ಅಲ್ಲಿನ ಒಂದು ಬ್ಲಾಕ್ ಬರೀ 200 ಅಡಿ. ಅಂಗಡಿಯವರಿಗೆ ಒಂದು ತಿಂಗಳ ಕಷ್ಟ, ವರ್ಷಗಟ್ಟಲೆ ಅಲ್ಲ.

ಇನ್ನೊಂದು ಸಣ್ಣ ವಿಷಯ. ಟ್ರಾಮ್‌ನ ಕರೆಂಟ್ ಮೇಲಿನ ತಂತಿಯಿಂದ ಬಂದು ಹಳಿಯ ಮೂಲಕ ವಾಪಸ್ ಹೋಗುತ್ತೆ. 1890ರ ದಶಕದ ಟ್ರಾಮ್‌ಗಳಲ್ಲಿ ಅದು ಮಣ್ಣಿಗೆ ಸೋರಿ, ನೀರಿನ ಕಬ್ಬಿಣದ ಪೈಪುಗಳನ್ನು ತಿಂದುಹಾಕುತ್ತಿತ್ತು. ಅದಕ್ಕೇ ಈಗ ಹಳಿಗೆ ರಬ್ಬರ್ ಕವಚ ತೊಡಿಸ್ತಾರೆ. ಸೋರಿಕೆಯೂ ಕಮ್ಮಿ, ಅದುರೋದೂ ಕಮ್ಮಿ.

1999ರಲ್ಲಿ ಕೆಲಸ ಶುರು, 2001ರ ಜುಲೈ 20ಕ್ಕೆ ಟ್ರಾಮ್ ಓಡಿತು.

ಈಗ ಎರಡನೇ ಫೋಟೊ ನೋಡಿ. ಲವ್‌ಜಾಯ್ ಬೀದಿಯಲ್ಲಿ ಹಳೇ ರೈಲ್ವೆ ಯಾರ್ಡ್ ಮೇಲೆ ಒಂದು ರ‍್ಯಾಂಪ್ ಇತ್ತು. 1999ರಲ್ಲಿ ಅದನ್ನು ಕೆಡವಿದರು. ಪಾಳುಬಿದ್ದ ಆ ಜಾಗದಲ್ಲಿ ಎಕರೆಗೆ 15 ಮನೆ ಇದ್ದ ಮಿತಿ, ರ‍್ಯಾಂಪ್ ಹೋಗಿ ಟ್ರಾಮ್, ಪಾರ್ಕ್ ಬಂದ ಹಾಗೆ 131ರವರೆಗೆ ಏರುವಂತೆ ಒಪ್ಪಂದವಾಗಿತ್ತು. ಊರು ಹೊಲಗದ್ದೆಗಳ ಕಡೆ ಹರಡೋ ಬದಲು ಒಳಗೇ ಬೆಳೆಯಲಿ ಅನ್ನೋ ಲೆಕ್ಕ.

ಆ ರ‍್ಯಾಂಪಿನ ಕಂಬಗಳ ಮೇಲೆ, ಕೆಡವೋದಕ್ಕೆ ಸುಮಾರು 50 ವರ್ಷ ಮುಂಚೆ, ರೈಲ್ವೆ ಕಾವಲುಗಾರ ಟಾಮ್ ಸ್ಟೆಫೊಪುಲೋಸ್ ಚಿತ್ರ ಬಿಡಿಸಿದ್ದರು. ಗ್ರೀಸ್‌ನಿಂದ ವಲಸೆ ಬಂದವರು. ಬಿಡುವಿನಲ್ಲಿ ಹಕ್ಕಿ, ಮರ, ಲಾಟೀನು ಹಿಡಿದ ಡಯೋಜಿನಿಸ್! ಜನ ಹಟ ಹಿಡಿದು ಕೆಲವು ಕಂಬ ಉಳಿಸಿದರು. 2005ರಲ್ಲಿ ಎರಡನ್ನು ಮತ್ತೆ ನಿಲ್ಲಿಸಿದರು. ಉಳಿಸಬೇಕಾದ್ದು ಮರ, ನೀರು ಮಾತ್ರ ಅಲ್ಲ, ಬೀದಿಯ ನೆನಪು ಕೂಡ.

ಎಲ್ಲ ಸರಿಹೋಯ್ತಾ? ಇಲ್ಲ. ಹಳಿಯ ಸಂದಿಗೆ ಚಕ್ರ ಸಿಕ್ಕಿ ಸೈಕಲ್‌ನವರು ಬೀಳ್ತಾರೆ. ಕಾರಿನ ಜೊತೆ ಓಡೋದ್ರಿಂದ ಟ್ರಾಫಿಕ್ ನಿಂತರೆ ಟ್ರಾಮೂ ನಿಲ್ಲುತ್ತೆ. ಕಡಿಮೆ ಅಗೆದಿದ್ದಕ್ಕೆ ಅದೂ ಒಂದು ಬೆಲೆ.

ಆದರೆ ಸ್ಕಾಟ್ಲೆಂಡಿನ ಎಡಿನ್‌ಬರೋ ನೋಡಿ. ಅಲ್ಲಿ ಹಳಿಗೆ ಮುಂಚೆ ಪೈಪ್ ಸರಿಸೋ ಕೆಲಸ ಶುರುವಾಯ್ತು. ಅಗೆದಂತೆಲ್ಲ ನಕ್ಷೆಯಲ್ಲಿಲ್ಲದ ಪೈಪುಗಳು ಸಿಕ್ಕವು. ಗುತ್ತಿಗೆದಾರರ ಜೊತೆ ಜಗಳವೂ ಸೇರಿತು. 2011ಕ್ಕೆ ಓಡಬೇಕಿದ್ದ ಟ್ರಾಮ್ ಓಡಿದ್ದು 2014ರ ಮೇ 31ಕ್ಕೆ, ಅದೂ ಪೂರ್ತಿ ದಾರಿ ಅಲ್ಲ. ಪೈಪಿಗಾಗಿ ಅಗೆಸಿಕೊಂಡಿದ್ದ ಲೀತ್‌ನ ಜನರಿಗೆ ಟ್ರಾಮ್ ಸಿಕ್ಕಿದ್ದು 2023ರಲ್ಲಿ!

ಹಾಗಾಗಿ ಯಾವುದೇ ಊರಲ್ಲಿ "ಹಸಿರು ಯೋಜನೆ" ಅಂತ ಬೋರ್ಡ್ ಕಂಡರೆ ಚಪ್ಪಾಳೆಗೆ ಮುಂಚೆ ಮೂರು ಪ್ರಶ್ನೆ ಕೇಳಿ. ಎಷ್ಟು ಆಳ ಅಗೀತೀರಿ? ಎಷ್ಟು ದಿನ? ಏನನ್ನ ಹಾಗೇ ಉಳಿಸ್ತೀರಿ?

ನಿಮ್ಮ ಬೀದಿ ಅಗೆದಾಗ ಉಳಿಯಲೇಬೇಕಾದ ಒಂದು ವಸ್ತು ಯಾವುದು? ಕಾಮೆಂಟ್‌ನಲ್ಲಿ ಬರೀರಿ. ಮುಂದಿನ ಭಾಗ: ತಲೆ ಮೇಲೆ ತಂತಿಯೇ ಇಲ್ಲದೆ ಓಡುವ ಬೋರ್ಡೋ ಟ್ರಾಮ್.

#ಟ್ರಾಮ್‌ಕಥೆಗಳು #ಇತಿಹಾಸ #ಕನ್ನಡದಲ್ಲಿ