ಗಡಿನಾಡಿನ ಹಚ್ಚೆ : ಕೈಗುಣ ಮತ್ತು ಕೂಲಿ

ಮೈಮೇಲೆ ಚುಚ್ಚಿಸಿಕೊಳ್ಳುವ ಹಸಿರು ಗುರುತಿಗೆ ನಾವು ಹಚ್ಚೆ ಎನ್ನುತ್ತೇವೆ. ನೆರೆಮನೆಯ ಮರಾಠಿಗರು ಗೋಂದಣ ಎನ್ನುತ್ತಾರೆ. ಕೊಲ್ಲಾಪುರ, ಇಚಲಕರಂಜಿ, ಗಡಹಿಂಗ್ಲಜಗಳ ಸೀಮೆಯಲ್ಲಿ ಒಂದೇ ಓಣಿಯಲ್ಲಿ ಈ ಎರಡೂ ಮಾತುಗಳು ಕೇಳಿಬರುತ್ತವೆ. ಹಚ್ಚೆ ಎಂಬುದು ಪಚ್ಚೆಯಿಂದ ಬಂದ ಮಾತು. ತಮಿಳಿನ ಪಚ್ಚೈ, ತೆಲುಗಿನ ಪಚ್ಚಬೊಟ್ಟು ಇದರ ಒಡಹುಟ್ಟುಗಳು. ಮರಾಠಿಯ ಹೆಸರು ಚುಚ್ಚುವ ಕ್ರಿಯೆಯನ್ನು ಹೇಳುತ್ತದೆ. ನಮ್ಮದು ಚುಚ್ಚಿದ ಮೇಲೆ ಉಳಿಯುವ ಬಣ್ಣವನ್ನು ಹೇಳುತ್ತದೆ. ಹಚ್ಚೆಯ ಒಳ್ಳೆಯದು ಕೆಟ್ಟದು ಗೊತ್ತಾಗುವುದು ಆ ಬಣ್ಣ ಹತ್ತು ವರ್ಷಗಳ ಮೇಲೆ ಹೇಗೆ ನಿಂತಿದೆ ಎಂಬುದರಿಂದ. ಕೂಲಿಯನ್ನಾದರೋ ಚುಚ್ಚಿದ ದಿನವೇ ಕೊಡಬೇಕು. ಈ ತೊಡಕನ್ನು ನಮ್ಮ ಹಿಂದಿನವರು ಹೇಗೆ ಬಿಡಿಸಿಕೊಳ್ಳುತ್ತಿದ್ದರೆಂಬುದೇ ಪ್ರಸ್ತುತ ಲೇಖನದ ವಿಷಯ.

ಹಚ್ಚೆ ಹಾಕುವುದು ಹೆಂಗಸರ ಕಸುಬು. ಹಳೆಯ ಮೈಸೂರು ಸೀಮೆಯಲ್ಲಿ ತೊಗಲುಗೊಂಬೆಯಾಟದ ಕಿಳ್ಳೆಕ್ಯಾತರ ಹೆಂಗಸರು ಇದಕ್ಕೆ ಹೆಸರಾದವರು. ಕನ್ನಡ ಸೀಮೆಯ ಉಳಿದ ಭಾಗಗಳಲ್ಲಿ ಬುಟ್ಟಿ ಹೆಣೆದು, ಕಣಿ ಹೇಳಿ ಊರೂರು ತಿರುಗುವ ಕೊರವರ ಹೆಣ್ಣುಮಕ್ಕಳು ಈ ಕೆಲಸ ಮಾಡುತ್ತಿದ್ದರು. ಮನೆಯವರು ಅವರನ್ನು ಹುಡುಕಿಕೊಂಡು ಹೋಗುತ್ತಿರಲಿಲ್ಲ. ಸುಗ್ಗಿಯ ನಂತರ ಅವರೇ ಬಾಗಿಲಿಗೆ ಬರುತ್ತಿದ್ದರು. ಹಾಗಾದರೆ ಆಯ್ಕೆ ಎಲ್ಲಿತ್ತು ಎಂದು ಯಾರಾದರೂ ಕೇಳಬಹುದು. ಅತ್ತೆಯ ಮುಂಗೈ, ನೆರೆಯವಳ ಹಣೆ, ಅಕ್ಕನ ಗದ್ದ, ಇವೇ ಆ ಕಸುಬಿನ ಮಾದರಿಯ ಹಾಳೆಗಳಾಗಿದ್ದವು. ಚುಕ್ಕೆ ಚುಕ್ಕೆಯಾಗಿ ನಿಂತಿದ್ದರೆ ಕೈ ಒಳ್ಳೆಯದು, ಕಲಸಿ ಮಸಿಯಾಗಿದ್ದರೆ ಕೆಟ್ಟದು. ಹಚ್ಚೆಯವಳ ಗುಣದೋಷಗಳೆಲ್ಲ ಊರ ಹೆಂಗಸರ ಮೈಮೇಲೆಯೇ ಬರೆದಿರುತ್ತಿದ್ದುದರಿಂದ ಆಕೆಗೆ ಸುಳ್ಳು ಹೇಳಿ ಪಾರಾಗುವ ದಾರಿಯಿರಲಿಲ್ಲ.

ಈ ಕಸುಬಿನ ಕ್ರಮ ಮತ್ತು ದರಗಳ ಬಗೆಗೆ ಒಳ್ಳೆಯ ಬರಹದ ಆಧಾರ ದೊರೆಯುವುದು ಎಡ್ಗರ್ ಥರ್ಸ್ಟನ್ನನಲ್ಲಿ. ಮದ್ರಾಸ್ ವಸ್ತುಸಂಗ್ರಹಾಲಯದ ಅಧಿಕಾರಿಯಾಗಿದ್ದ ಈತ ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಪ್ರಕಟಿಸಿದ ಗ್ರಂಥಗಳಲ್ಲಿ ಕೊರವರ ಹಚ್ಚೆಯನ್ನು ವಿವರಿಸಿದ್ದಾನೆ. ಅರಿಸಿನದ ಪುಡಿಯನ್ನೂ ಅಗಸೆಯ ಎಲೆಯನ್ನೂ ಅರೆದು ತೆಳು ಬಟ್ಟೆಯ ಮೇಲೆ ಹರಡಿ ಬತ್ತಿ ಹೊಸೆಯುವುದು. ಹರಳೆಣ್ಣೆಯ ದೀಪದಲ್ಲಿ ಅದನ್ನು ಉರಿಸಿ, ಹೊಸ ಮಡಕೆಯ ಒಳಮೈಗೆ ಕಟ್ಟಿದ ಕಾಡಿಗೆಯನ್ನು ಕೆರೆದು, ನೀರು ಇಲ್ಲವೆ ಎದೆಹಾಲಿನಲ್ಲಿ ಕಲಸುವುದು. ಸೂಜಿ ಒಂಟಿಯಾಗಿರಬಹುದು, ಇಲ್ಲವೆ ಸಾಮಾನ್ಯವಾಗಿ ನಾಲ್ಕನ್ನು ಒಟ್ಟಿಗೆ ಕಟ್ಟಿರಬಹುದು. ಇಲ್ಲಿ ಒಂದು ಮಾತು. ನಮ್ಮ ಕಡೆ ಅಗಸೆಯೆಂದರೆ ಎಣ್ಣೆಕಾಳು. ಥರ್ಸ್ಟನ್ ಹೇಳುವುದು ಅದಲ್ಲ, ಮರಾಠಿಯವರು ಹಾದಗಾ ಎನ್ನುವ ಮರ. ಆಶ್ವೀಜದಲ್ಲಿ ಕೊಲ್ಲಾಪುರದ ಕಡೆಯ ಹುಡುಗಿಯರು ಅದೇ ಹೆಸರಿನ ಹಬ್ಬವನ್ನು ಹಾಡಿ ಆಡುವುದನ್ನು ವಾಚಕರು ಬಲ್ಲರು.

ಕೂಲಿಯ ವಿಷಯದಲ್ಲಿ ಆತ ಕೊಡುವ ವಿವರ ಇನ್ನೂ ಸ್ವಾರಸ್ಯಕರವಾಗಿದೆ. ಒಂದು ಚುಕ್ಕೆಗೋ ಗೆರೆಗೋ ಕಾಲಾಣೆ, ತೊಡಕಿನ ಚಿತ್ರಕ್ಕೆ ಹನ್ನೆರಡಾಣೆ. ರೂಪಾಯಿಗೆ 16 ಆಣೆಯಿದ್ದ ಕಾಲವದು; ಅಂದರೆ ಕೆಳಗಿನ ದರಕ್ಕೂ ಮೇಲಿನ ದರಕ್ಕೂ 48 ಪಟ್ಟು ಅಂತರ. ಇದು ಮದ್ರಾಸ್ ಇಲಾಖೆಯ ದರವಾದರೂ ಕಸುಬಿನವರು ಅದೇ ಕುಲದವರಾದ್ದರಿಂದ ಅದರ ಹಿಂದಿನ ಲೆಕ್ಕಾಚಾರ ನಮಗೂ ಅನ್ವಯಿಸುತ್ತದೆ. ಬಡವಳಾದವಳು ಕೆಟ್ಟ ಕೈಯನ್ನು ಹುಡುಕುತ್ತಿರಲಿಲ್ಲ, ಚಿತ್ರವನ್ನು ಕಿರಿದು ಮಾಡುತ್ತಿದ್ದಳು. ಅದೇ ಸೂಜಿ, ಅದೇ ಕಾಡಿಗೆ, ಅದೇ ಕೈ. ಒಬ್ಬಳಿಗೆ ಹಣೆಯ ಮೇಲೊಂದು ಬೊಟ್ಟು, ಇನ್ನೊಬ್ಬಳಿಗೆ ಮುಂಗೈ ತುಂಬ ತುಳಸಿಕಟ್ಟೆ. ಹಣಕ್ಕೆ ತಕ್ಕಂತೆ ಅಳತೆಯನ್ನು ತಗ್ಗಿಸುವುದು, ಗುಣವನ್ನು ತಗ್ಗಿಸದಿರುವುದು, ಇದು ಜಾಣತನದ ಮಾರ್ಗವೆಂದೇ ನನ್ನ ಅಭಿಪ್ರಾಯ. ಇಂದು ಅಂಗಡಿಗೆ ಹೋಗುವ ತರುಣರು ದೊಡ್ಡ ಚಿತ್ರವನ್ನು ಅಗ್ಗದ ಕೈಯಿಂದ ಬರೆಸಿಕೊಳ್ಳುವುದು ಇದಕ್ಕೆ ತೀರ ವಿರುದ್ಧವಾದುದು.

ಹಳ್ಳಿಗಳಲ್ಲಿ ನಾಣ್ಯದ ಬದಲು ವಸ್ತುರೂಪದ ಕೂಲಿಯಿತ್ತೆಂದೂ ಥರ್ಸ್ಟನ್ ಹೇಳುತ್ತಾನೆ. ಕೆಲವು ಕೊರವರು ಪಾಪಪರಿಹಾರಕ್ಕೆಂದು ಪುಕ್ಕಟೆಯಾಗಿಯೂ ಹಚ್ಚೆ ಹಾಕುತ್ತಿದ್ದರೆಂಬುದು ಆತ ಕೇಳಿ ಬರೆದ ಸಂಗತಿ. ಮೊರದ ಜೋಳಕ್ಕೆ, ಹಳೆಯ ಸೀರೆಗೆ ಕಟ್ಟುನಿಟ್ಟಾದ ಅಳತೆಯಿಲ್ಲ. ಕೊಡುವವಳ ಮನಸ್ಸು, ಪಡೆಯುವವಳ ಹಸಿವು, ಇವೇ ದರವನ್ನು ಗೊತ್ತುಮಾಡುತ್ತಿದ್ದವು. ಇಚಲಕರಂಜಿಯಂಥ ಊರಿನ ಮಾತು ಬೇರೆ. ಅಲ್ಲಿ 1904ರಲ್ಲಿ ವಿಠ್ಠಲರಾವ ದಾತಾರರು ಮೊದಲ ಯಂತ್ರಮಗ್ಗವನ್ನು ಹೂಡಿದ ಮೇಲೆ ಕೈಗೆ ರೊಕ್ಕ ಬರುವ ಕೂಲಿಕಾರರ ಊರು ಬೆಳೆಯಿತು. ರೊಕ್ಕದ ಊರಿನಲ್ಲಿ ಹಚ್ಚೆಗೂ ರೊಕ್ಕದ ಲೆಕ್ಕ ಬರುವುದು ಸಹಜ. 1957ರ ಏಪ್ರಿಲ್ 1ರಂದು ದಶಮಾನ ನಾಣ್ಯ ಜಾರಿಗೆ ಬಂದು ಕಾಲಾಣೆಯ ಎಣಿಕೆಯೇ ಹೋಯಿತು.

ಚೌಕಾಸಿಯ ಈ ಕಥೆಯಲ್ಲಿ ಹಚ್ಚೆಯವಳ ಪಕ್ಷವನ್ನು ನಾವು ಮರೆಯಲಾಗದು. ಮುತ್ತೈದೆಯ ಹಣೆಗೆ ಅಳಿಯದ ಬೊಟ್ಟನ್ನಿಟ್ಟ ಅದೇ ಕುಲದವರನ್ನು ಬ್ರಿಟಿಷ್ ಸರಕಾರ ಅಪರಾಧಿ ಬುಡಕಟ್ಟುಗಳ ಪಟ್ಟಿಗೆ ಸೇರಿಸಿತ್ತು. 1871ರಲ್ಲಿ ಹುಟ್ಟಿದ ಈ ಕಾನೂನು 1911ರಲ್ಲಿ ಬಿಗಿಯಾಯಿತು. ವಿಜಾಪುರ, ಹುಬ್ಬಳ್ಳಿ, ಗದಗ, ಸೊಲ್ಲಾಪುರಗಳಲ್ಲಿ ತಂತಿಬೇಲಿಯ ವಸಾಹತುಗಳಾದವು. ಊರೂರು ತಿರುಗಿಯೇ ಬದುಕಬೇಕಾದವಳಿಗೆ ತಿರುಗುವುದೇ ಗುಮಾನಿಗೆ ಕಾರಣವಾದರೆ ಆಕೆ ಕೇಳುವ ಕೂಲಿ ಎಷ್ಟಾದೀತು? ಕೊಲ್ಲಾಪುರ ಸಂಸ್ಥಾನದಲ್ಲಿ ಶಾಹೂ ಮಹಾರಾಜರು 1918ರಲ್ಲಿ ಇಂಥ ಜಾತಿಗಳವರ ಹಾಜರಿ ಪದ್ಧತಿಯನ್ನು ನಿಲ್ಲಿಸಿದರು. ದಿನವೂ ಚಾವಡಿಗೆ ಹೋಗಿ ಹಾಜರಿ ಹಾಕಬೇಕಾದ ಅವಮಾನ ಅಷ್ಟರಮಟ್ಟಿಗೆ ತಪ್ಪಿತು. ದೇಶದಲ್ಲೆಲ್ಲ ಆ ಕಾನೂನು ರದ್ದಾದುದು 1952ರ ಆಗಸ್ಟ್ 31ರಂದು. ಹಚ್ಚೆ ಅಗ್ಗವಾಗಿತ್ತೆಂದು ನೆನೆಯುವವರು ಆ ಅಗ್ಗದಲ್ಲಿ ಎಷ್ಟು ಪಾಲು ಈ ಭಯದ್ದಿತ್ತೆಂದು ವಿಚಾರಿಸಬೇಕು.

ಯಂತ್ರದ ವಿಷಯವನ್ನು ಸಂಕ್ಷೇಪವಾಗಿ ಹೇಳುವೆ. ನ್ಯೂಯಾರ್ಕಿನ ಸ್ಯಾಮ್ಯುಅಲ್ ಓರೈಲಿ ಎಂಬಾತ 1891ರಲ್ಲಿ ವಿದ್ಯುತ್ತಿನ ಹಚ್ಚೆಯಂತ್ರಕ್ಕೆ ಪೇಟೆಂಟ್ ಪಡೆದ. ಅದರ ವಂಶದ ಯಂತ್ರಗಳೇ ಮುಂದೆ ನಮ್ಮ ಜಾತ್ರೆಗಳಿಗೂ ಬಂದವು. ಕೈಯಾಗಲಿ ಯಂತ್ರವಾಗಲಿ, ಕೆಲಸದ ಮರ್ಮ ಒಂದೇ. ಸೂಜಿ ಮೇಲ್ದೊಗಲಿನಲ್ಲೇ ನಿಂತರೆ ಆ ತೊಗಲು ಸವೆದು ಬಣ್ಣ ಹೋಗುತ್ತದೆ. ತೀರ ಆಳಕ್ಕಿಳಿದರೆ ಬಣ್ಣ ಹರಡಿ ಗೆರೆ ಕೆಡುತ್ತದೆ. ನಡುವಿನ ತೊಗಲಿಗೆ ಇಳಿದ ಬಣ್ಣವನ್ನು ಶರೀರದ ಭಕ್ಷಕ ಕಣಗಳು ನುಂಗಿ ಹಿಡಿದಿರುತ್ತವೆ. ಅವು ಸತ್ತಾಗ ಹೊಸ ಕಣಗಳು ಅದೇ ಬಣ್ಣವನ್ನು ಮತ್ತೆ ನುಂಗುತ್ತವೆಂದು ಫ್ರಾನ್ಸಿನ ಸಂಶೋಧಕರು 2018ರಲ್ಲಿ ಇಲಿಗಳ ಮೇಲಿನ ಪ್ರಯೋಗದಿಂದ ತೋರಿಸಿದರು. ಅದೇ ಸೂಜಿ ಹಲವರ ಮೈಗೆ ಇಳಿದರೆ ಕಾಮಾಲೆಯ ವಿಷಾಣುವೂ ಎಚ್‌ಐವಿಯೂ ರಕ್ತದಿಂದ ರಕ್ತಕ್ಕೆ ದಾಟಬಲ್ಲವು. ಹಚ್ಚೆ ಹಾಕಿಸಿಕೊಂಡವರ ರಕ್ತದಾನವನ್ನು ಕೆಲಕಾಲ ಮುಂದೂಡುವುದು ಇದೇ ಕಾರಣಕ್ಕಾಗಿ. ಆದ್ದರಿಂದ ಇಂದಿನ ಆಯ್ಕೆಯಲ್ಲಿ ಚಿತ್ರಕ್ಕಿಂತ ಮೊದಲು ನೋಡತಕ್ಕದ್ದು ಸೂಜಿಯ ಪೊಟ್ಟಣ ನಮ್ಮ ಕಣ್ಣೆದುರಿಗೆ ಒಡೆಯುತ್ತದೆಯೋ ಇಲ್ಲವೋ ಎಂಬುದನ್ನು. ಇದರಲ್ಲಿ ಉಳಿಸಿದ ಹಣ ಉಳಿತಾಯವಲ್ಲ.

ಶಿಕ್ಷಕರಿಗೆ ತಿಳಿದಿರಬೇಕಾದ ಇನ್ನೊಂದು ಸಂಗತಿಯಿದೆ. ಸೈನ್ಯಕ್ಕೆ ಸೇರುವ ಹಂಬಲದ ಹುಡುಗರು ನಮ್ಮ ಶಾಲೆಗಳಲ್ಲಿ ಬಹಳ. ಮೊಣಕೈಯ ಒಳಬದಿಯಿಂದ ಮಣಿಕಟ್ಟಿನವರೆಗಿನ ಒಳಮೈ ಮತ್ತು ಅಂಗೈಯ ಹಿಂಬದಿ, ಇಷ್ಟು ಜಾಗ ಬಿಟ್ಟು ಬೇರೆಡೆ ಅಳಿಯದ ಹಚ್ಚೆಯಿದ್ದವರನ್ನು ಭೂಸೇನೆ ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ; ಬುಡಕಟ್ಟು ಜನರ ಸಂಪ್ರದಾಯಕ್ಕೆ ವಿನಾಯಿತಿಯುಂಟು. ಜಾತ್ರೆಯಲ್ಲಿ ತೋಳಿಗೆ ಚುಚ್ಚಿಸಿಕೊಂಡ ಚಿತ್ರವನ್ನು ಲೇಸರಿನಿಂದ ತೆಗೆಸಲು ಹಲವು ಸಲ ಆಸ್ಪತ್ರೆಗೆ ಅಲೆಯಬೇಕು, ಹಾಕಿಸಿದ್ದಕ್ಕಿಂತ ಅನೇಕ ಪಟ್ಟು ಹಣ ತೆರಬೇಕು.

ಅಕ್ಷರದ ಹಚ್ಚೆಯ ಬಗೆಗೆ ನಮ್ಮವರು ಇನ್ನೂ ಲಕ್ಷ್ಯ ಕೊಟ್ಟಿಲ್ಲ. ಬೊಟ್ಟಿಗೂ ತುಳಸಿಕಟ್ಟೆಗೂ ಲಿಪಿ ಬೇಡ, ಹೆಸರಿಗೆ ಬೇಕು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ ಇರುವ ಊರಿನಲ್ಲಿ ಮುಂಗೈಯ ಮೇಲಿನ ಹೆಸರು ಯಾವ ಲಿಪಿಯಲ್ಲಿದೆ ಎಂಬುದು ಜನಗಣತಿಯ ಅಂಕಿಗಳು ಹೇಳದ ಇತಿಹಾಸವನ್ನು ಹೇಳೀತು. ಕೊಲ್ಲಾಪುರದ ಶಿಲಾಹಾರರ ಕನ್ನಡ ಶಾಸನಗಳನ್ನು ಓದಲು ನಾವು ಕಲ್ಲುಗಳನ್ನು ತಿಕ್ಕಿ ತೊಳೆಯುತ್ತೇವೆ; ಈ ಬರಹಗಳಾದರೋ ಅಜ್ಜಿಯಂದಿರ ಜೊತೆಗೇ ಚಿತೆಗೆ ಹೋಗುತ್ತಿವೆ. ಗಡಹಿಂಗ್ಲಜ ಭಾಗದ ಶಿಕ್ಷಕರು ತಮ್ಮ ತಮ್ಮ ಹಳ್ಳಿಗಳಲ್ಲಿ ಹಿರಿಯ ಹೆಂಗಸರ ಒಪ್ಪಿಗೆ ಪಡೆದು ಚಿತ್ರದ ನಕ್ಷೆ, ಅದಕ್ಕೆ ಅವರು ಹೇಳುವ ಕನ್ನಡ ಮತ್ತು ಮರಾಠಿ ಹೆಸರು, ಹಾಕಿಸಿಕೊಂಡ ವಯಸ್ಸು, ಹಾಕಿದಾಕೆ ಯಾವ ಕುಲದವಳು, ಆಕೆಗೆ ಏನು ಕೊಟ್ಟರು ಎಂಬುದನ್ನು ಬರೆದಿಟ್ಟುಕೊಳ್ಳಬೇಕು. ಕೊನೆಯ ಪ್ರಶ್ನೆಯನ್ನು ಬಿಡಬಾರದು. ಒಂದು ಸೇರು ಜೋಳವೋ, ಕುಪ್ಪಸದ ಕಣವೋ, ಎರಡಾಣೆಯೋ ಎಂಬುದು ಅವರಿಗೆ ಸಾಮಾನ್ಯವಾಗಿ ನೆನಪಿರುತ್ತದೆ.