ಹಡಗು ಹೊರಡುವ ಮುನ್ನ: ೧೮೬೭ರ ಒಂದು ಪ್ರವಾಸದ ಕಥೆ

ಯೂಟ್ಯೂಬಿನಲ್ಲಿ ಒಂದು ಥರದ ವಿಡಿಯೋಗಳಿವೆ, ನೀವೂ ನೋಡಿರಬಹುದು. ಹತ್ತು ಹನ್ನೆರಡು ಅಂತಸ್ತಿನ ಪ್ರವಾಸಿ ಹಡಗು ಬಂದರಿನಿಂದ ಹೊರಡಲು ಸಿದ್ಧವಾಗಿದೆ. ಹಗ್ಗ ಬಿಚ್ಚುತ್ತಿದ್ದಾರೆ. ಅಷ್ಟರಲ್ಲಿ ದಕ್ಕೆಯ ಆ ತುದಿಯಿಂದ ಗಂಡ ಹೆಂಡತಿ ಇಬ್ಬರು, ಕೈಯಲ್ಲಿ ಶಾಪಿಂಗ್ ಚೀಲ ಹಿಡಿದುಕೊಂಡು, ಎದ್ದೆನೋ ಬಿದ್ದೆನೋ ಅಂತ ಓಡಿ ಬರುತ್ತಾರೆ. ಮೇಲೆ ಬಾಲ್ಕನಿಗಳಲ್ಲಿ ನಿಂತವರದೆಲ್ಲ ಚಪ್ಪಾಳೆ, ಶಿಳ್ಳೆ! ಕೆಲವರು ಹೇಗೋ ಹತ್ತಿಕೊಳ್ಳುತ್ತಾರೆ. ಇನ್ನು ಕೆಲವರಿಗೆ ಹಡಗಿನ ಬೆನ್ನು ಮಾತ್ರ ಕಾಣುತ್ತದೆ.

ಇದರ ಹಿಂದಿನ ಲೆಕ್ಕಾಚಾರ ಸರಳ. ಹಡಗು ಒಂದು ಊರಿನಲ್ಲಿ ಎಂಟೋ ಹತ್ತೋ ಗಂಟೆ ನಿಲ್ಲುತ್ತದೆ. ಊರು ನೋಡಲು ಹಡಗಿನ ಕಂಪನಿಯೇ ಬಸ್ಸು, ಗೈಡು ಎಲ್ಲ ಏರ್ಪಾಡು ಮಾಡಿರುತ್ತದೆ, ಆದರೆ ದುಬಾರಿ. ನಾವೇ ಊರಿನ ಟ್ಯಾಕ್ಸಿಯವನನ್ನೋ ಗೈಡನ್ನೋ ಗೊತ್ತು ಮಾಡಿಕೊಂಡರೆ ದುಡ್ಡು ಉಳಿಯುತ್ತದೆ, ಇಷ್ಟ ಬಂದಲ್ಲಿ ನಿಲ್ಲಬಹುದು. ಕಂಪನಿಯ ಬಸ್ಸು ತಡವಾದರೆ ಹಡಗು ಸಾಮಾನ್ಯವಾಗಿ ಕಾಯುತ್ತದೆ, ಇಲ್ಲವೇ ಮುಂದಿನ ಬಂದರಿಗೆ ತಲುಪಿಸುವ ಜವಾಬ್ದಾರಿ ಅವರೇ ಹೊರುತ್ತಾರೆ. ನಮ್ಮ ಟ್ಯಾಕ್ಸಿ ತಡವಾದರೆ? ಅದು ನಮ್ಮ ಹಣೆಬರಹ.

ಇದು ನಮ್ಮ ಕಾಲದ ತಲೆನೋವು ಅಂದುಕೊಳ್ಳಬೇಡಿ. ದೊಡ್ಡ ಹಡಗಿನಲ್ಲಿ ಬರೀ ಮೋಜಿಗೆ ಅಂತ ದೇಶ ಸುತ್ತುವ ಪದ್ಧತಿ ಇನ್ನೂ ಕಣ್ಣು ಬಿಡುತ್ತಿದ್ದ ಕಾಲದಲ್ಲೇ ಇದೂ ಶುರುವಾಗಿತ್ತು. ಅದಕ್ಕೆ ಸಾಕ್ಷಿ ಹೇಳಿದವನು ಸಾಮಾನ್ಯ ಮನುಷ್ಯನಲ್ಲ, ಮಾರ್ಕ್ ಟ್ವೇನ್!

ಐದು ತಿಂಗಳ ಪಿಕ್ನಿಕ್

೧೮೬೭ರ ಜೂನ್‌ನಲ್ಲಿ ನ್ಯೂಯಾರ್ಕಿನಿಂದ 'ಕ್ವೇಕರ್ ಸಿಟಿ' ಎಂಬ ಹಡಗು ಹೊರಟಿತು. ೧೮೫೪ರಲ್ಲಿ ಕಟ್ಟಿದ, ಎರಡು ಪಕ್ಕದಲ್ಲೂ ದೊಡ್ಡ ಚಕ್ರ ತಿರುಗಿಸುತ್ತಾ ಸಾಗುವ ಉಗಿಹಡಗು. ಅಮೆರಿಕದ ಅಂತರ್ಯುದ್ಧದಲ್ಲಿ ನೌಕಾಪಡೆಯಲ್ಲಿ ದುಡಿದು ಬಂದಿತ್ತು. ಈಗ ಅದರ ಕೆಲಸ ಸುಮಾರು ೬೫ ಜನ ಪ್ರವಾಸಿಗಳನ್ನು ಯುರೋಪು, ಟರ್ಕಿ, ಪ್ಯಾಲೆಸ್ಟೈನ್, ಈಜಿಪ್ಟ್ ಎಲ್ಲ ಸುತ್ತಿಸಿ ನವೆಂಬರ್ ಹೊತ್ತಿಗೆ ಮನೆಗೆ ತಲುಪಿಸುವುದು. ತಲೆಗೆ ೧,೨೫೦ ಡಾಲರ್ ಟಿಕೆಟ್. ಬಹುಪಾಲು ಜನ ಚರ್ಚಿಗೆ ತಪ್ಪದೆ ಹೋಗುವ, ವಯಸ್ಸಾದ, ಗಂಭೀರ ಜನ. ಅವರ ಮಧ್ಯೆ ೩೧ ವರ್ಷದ ಈ ಪತ್ರಕರ್ತ. ಟಾಮ್ ಸಾಯರ್ ಇನ್ನೂ ಹುಟ್ಟಿರಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೋದ ಒಂದು ಪತ್ರಿಕೆ ಟ್ವೇನನ ಟಿಕೆಟ್ ದುಡ್ಡು ಕೊಟ್ಟು, ಬದಲಿಗೆ ಊರೂರಿನಿಂದ ಪತ್ರ ಬರೆಯಲು ಹೇಳಿತ್ತು (ಬ್ಲಾಗ್ ಬರೆಯಲು ಯಾರಾದರೂ ಹೀಗೆ ಟಿಕೆಟ್ ಕೊಟ್ಟರೆ ನಾನೂ ರೆಡಿ!). ಆ ಪತ್ರಗಳೇ ೧೮೬೯ರಲ್ಲಿ 'ದಿ ಇನ್ನೊಸೆಂಟ್ಸ್ ಅಬ್ರಾಡ್' ಪುಸ್ತಕವಾದವು.

ಈ ಪ್ರವಾಸದ ಮುದ್ರಿತ ಕಾರ್ಯಕ್ರಮ ಪಟ್ಟಿ ಆ ಪುಸ್ತಕದ ಮೊದಲಲ್ಲೇ ಇದೆ. ಓದಿದಾಗ ನನಗೆ ಯಾವುದೋ ಒಳ್ಳೆಯ ಡಿಸೈನ್ ಡಾಕ್ಯುಮೆಂಟ್ ಓದಿದಂತಾಯಿತು. ಟಿಕೆಟ್ ದುಡ್ಡು ಹಡಗಿಗೆ ಮಾತ್ರ. ದಡದ ಮೇಲಿನ ಖರ್ಚು ನಿಮ್ಮದು, ದಿನಕ್ಕೆ ಐದು ಡಾಲರ್ ಚಿನ್ನದಲ್ಲಿ ಇಟ್ಟುಕೊಂಡರೆ ಸಾಕು ಅಂತ ಅಂದಾಜು ಕೊಟ್ಟಿದ್ದಾರೆ. ಅಂದರೆ ರೈಲು, ಹೋಟೆಲು, ಗೈಡು, ಕುದುರೆ ಎಲ್ಲ ಪ್ರಯಾಣಿಕರೇ ನೋಡಿಕೊಳ್ಳಬೇಕು. ಹಾಗಾದರೆ ವಾಪಸ್ ಬರುವುದು? ಅಲ್ಲಿದೆ ಜಾಣತನ. ಮಾರ್ಸೇಯಲ್ಲಿ ಇಳಿದು ಪ್ಯಾರಿಸ್‌ಗೆ ಹೋಗಿ (ಆ ವರ್ಷ ಅಲ್ಲಿ ದೊಡ್ಡ ವಸ್ತುಪ್ರದರ್ಶನ ನಡೆದಿತ್ತು), ಇನ್ನೂ ನಾಲ್ಕು ದಿನ ಇರಬೇಕು ಅನ್ನಿಸಿದರೆ ಇರಿ, ಸ್ವಿಟ್ಜರ್ಲೆಂಡ್ ಮೇಲಿಂದ ಬಂದು ಜಿನೋವಾದಲ್ಲಿ ಹಡಗು ಹತ್ತಿ. ಜಿನೋವಾದಿಂದ ಇಟಲಿಯೊಳಗೆ ಹೋದವರು ರೈಲಿನಲ್ಲಿ ಬಂದು ಲಿವೋರ್ನೋದಲ್ಲಿ ಸೇರಿಕೊಳ್ಳಿ.

ಇಳಿದ ಜಾಗಕ್ಕೇ ವಾಪಸ್ ಬರಬೇಕೆಂದಿಲ್ಲ, ಹಡಗು ಮುಂದೆ ಎಲ್ಲಿರುತ್ತದೋ ಅಲ್ಲಿಗೆ ಬಂದರೆ ಸಾಕು. ಇಂದಿಗೂ ಹಡಗು ತಪ್ಪಿದವರಿಗೆ ಇರುವ ದಾರಿ ಇದೊಂದೇ: ಮುಂದಿನ ಬಂದರು. ವ್ಯತ್ಯಾಸ ಏನೆಂದರೆ, ೧೮೬೭ರಲ್ಲಿ ಅದು ಅಪಘಾತವಾಗಿರಲಿಲ್ಲ, ಪ್ಲಾನಿನ ಭಾಗವೇ ಆಗಿತ್ತು.

ಯಾರ ಗಡಿಯಾರ?

ಸಮಯಕ್ಕೆ ಸರಿಯಾಗಿ ಬನ್ನಿ ಅನ್ನುವುದು ಸುಲಭ. ಆದರೆ ಯಾವ ಸಮಯಕ್ಕೆ? ಆಗ ಪ್ರಪಂಚದಲ್ಲಿ ಈಗಿನ ಟೈಮ್ ಝೋನ್‌ಗಳೇ ಇರಲಿಲ್ಲ. ಒಂದೊಂದು ಊರಿಗೆ ಒಂದೊಂದು ಸೂರ್ಯ, ಒಂದೊಂದು ಮಧ್ಯಾಹ್ನ. ಹಡಗಿಗಂತೂ ದಿನಕ್ಕೊಂದು. ಪೂರ್ವಕ್ಕೆ ಹೋಗುತ್ತಿದ್ದರೆ ದಿನಾ ಸುಮಾರು ೨೦ ನಿಮಿಷ ಗಡಿಯಾರ ಮುಂದೆ ತಿರುಗಿಸಬೇಕಿತ್ತು. ಇದು ಗೊತ್ತಿಲ್ಲದ ಹುಡುಗನೊಬ್ಬ ತನ್ನ ದುಬಾರಿ ವಾಚು ಕೆಟ್ಟಿದೆ ಅಂದುಕೊಂಡು, ಹಡಗಿನ ಗಂಟೆಯನ್ನು ಹಿಡಿಯಲು ಅದನ್ನು ಆದಷ್ಟು ಜೋರಾಗಿ ಓಡಿಸಿ, ಆದರೂ ಸೋತುಹೋದ ಪ್ರಸಂಗವನ್ನು ಟ್ವೇನ್ ನಗಿಸಿ ನಗಿಸಿ ಹೇಳುತ್ತಾನೆ.

ಗ್ರೀನ್‌ವಿಚ್ಚಿನ ರೇಖೆಯೇ ಶೂನ್ಯ ಅಂತ ವಾಷಿಂಗ್ಟನ್‌ನ ಸಮ್ಮೇಳನ ಒಪ್ಪಿದ್ದು ೧೮೮೪ರಲ್ಲಿ. ನಮ್ಮಲ್ಲಂತೂ ೧೯೦೬ಕ್ಕೆ ಮೊದಲು ರೈಲಿನವರದು ಮದ್ರಾಸ್ ಟೈಮ್, ಮುಂಬಯಿಯವರದು ಮುಂಬಯಿ ಟೈಮ್, ಮಧ್ಯೆ ಅರ್ಧ ಗಂಟೆ ಅಂತರ. ರೈಲಿನಲ್ಲಿ ಬಂದು ಮುಂಬಯಿಯಲ್ಲಿ ಹಡಗು ಹಿಡಿಯುವವನು ಎರಡು ಗಡಿಯಾರ ಲೆಕ್ಕ ಹಾಕಬೇಕಿತ್ತು. ೧೯೦೬ರಲ್ಲಿ ಭಾರತಕ್ಕೆಲ್ಲ ಒಂದೇ ಸಮಯ ಬಂದ ಮೇಲೂ ಮುಂಬಯಿ ಜನ ಹಟ ಹಿಡಿದು ೧೯೫೫ರವರೆಗೆ ೩೯ ನಿಮಿಷ ಹಿಂದಿನ ತಮ್ಮ ಟೈಮನ್ನೇ ಇಟ್ಟುಕೊಂಡಿದ್ದರು. ಈಗಲೂ ಹಡಗಿನ ಸಮಯ ಮತ್ತು ದಡದ ಸಮಯ ಬೇರೆ ಆಗುವುದುಂಟು. ನಮ್ಮ ಮೊಬೈಲು ದಡದ ಟವರ್ ನೋಡಿದ ಕೂಡಲೇ ತಾನೇ ಜಾಣ ಅಂತ ಟೈಮ್ ಬದಲಿಸಿಕೊಂಡು ಕೂರುತ್ತದೆ. ಹೊರಡುವಾಗ ಹಡಗಿನ ಗಡಿಯಾರಕ್ಕೆ ಹೊಂದಿಸಿದ ಹಳೇ ಕೈಗಡಿಯಾರ ಒಂದಿರಲಿ ಅಂತ ಅನುಭವಸ್ಥರು ಹೇಳುವುದು ಅದಕ್ಕೇ.

ಅಥೆನ್ಸಿನ ಬೆಳದಿಂಗಳು

ಆ ವರ್ಷ ಇಟಲಿಯಲ್ಲಿ ಕಾಲರಾ. ಬಂದರುಗಳಲ್ಲೆಲ್ಲ ಕ್ವಾರಂಟೈನ್ ಭಯ. (೨೦೨೦ನ್ನು ನೋಡಿದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.) ನೇಪಲ್ಸ್‌ನಲ್ಲಿ ಹಡಗನ್ನು ತಡೆಯಬಹುದು ಅಂತ ಅನುಮಾನ ಬಂದು ಟ್ವೇನ್ ಮತ್ತು ಗೆಳೆಯರು ಲಿವೋರ್ನೋದಲ್ಲೇ ಇಳಿದು, ಬೇರೆ ಸ್ಟೀಮರು ಮತ್ತು ರೈಲು ಹಿಡಿದು, ರೋಮ್ ನೋಡಿಕೊಂಡು ನೇಪಲ್ಸ್‌ಗೆ ಬಂದರು. ಅನುಮಾನ ನಿಜವಾಗಿತ್ತು! ಹಡಗಿನಲ್ಲೇ ಉಳಿದವರು ದಡ ಮುಟ್ಟಲಾಗದೆ ದಿನಗಟ್ಟಲೆ ಕೊಲ್ಲಿಯಲ್ಲಿ ಬಂದಿ. ಹಡಗು ಬಿಟ್ಟು ಹೋದವರು ಊರೆಲ್ಲ ಆರಾಮಾಗಿ ಸುತ್ತಾಡುತ್ತಿದ್ದಾರೆ.

ಆದರೆ ಗ್ರೀಸ್‌ನಲ್ಲಿ ಯಾರಿಗೂ ವಿನಾಯಿತಿ ಇರಲಿಲ್ಲ. ಅಥೆನ್ಸಿನ ಬಂದರು ಪಿರೇಯಸ್‌ಗೆ ಬಂದರೆ, ಹನ್ನೊಂದು ದಿನ ಹೊರಗೆ ನಿಲ್ಲಿ, ಇಲ್ಲ ಹೊರಡಿ ಅಂದರು ಅಧಿಕಾರಿಗಳು. ದೂರದಲ್ಲಿ ಆಕ್ರೊಪೊಲಿಸ್ ಕಣ್ಣಿಗೆ ಕಾಣುತ್ತಿದೆ, ಹೋಗುವಂತಿಲ್ಲ! ಅಲ್ಲಿಯವರೆಗೆ ಬಂದು ಅದನ್ನು ಬಿಟ್ಟು ಹೋಗುವುದೆಂದರೆ? ಸಿಕ್ಕಿಬಿದ್ದರೆ ಜೈಲು ಅಂತ ಗೊತ್ತಿದ್ದೂ ಆಗಸ್ಟ್ ೧೪ರ ರಾತ್ರಿ ಹನ್ನೊಂದರ ಹೊತ್ತಿಗೆ ಟ್ವೇನ್ ಮತ್ತು ಮೂವರು ಸಣ್ಣ ದೋಣಿಯಲ್ಲಿ ಕದ್ದು ದಡ ಸೇರಿದರು. ಇಬ್ಬಿಬ್ಬರಾಗಿ ಊರು ದಾಟಿ, ಹೊಲ ಗದ್ದೆ ಹಾದು, ದಾರಿಯಲ್ಲಿ ದ್ರಾಕ್ಷಿ ಕದ್ದು ತಿಂದು, ಕಾವಲುಗಾರನಿಂದ ಗದರಿಸಿಕೊಂಡು, ಬೆಟ್ಟ ಹತ್ತಿದರು. ಬಾಗಿಲು ಹಾಕಿತ್ತು. ಕಾವಲಿನವರ ಕೈ ಬಿಸಿ ಮಾಡಿದ ಮೇಲೆ ತೆರೆಯಿತು (ಲಂಚಕ್ಕೆ ದೇಶ ಕಾಲ ಇಲ್ಲ ನೋಡಿ). ಬೆಳದಿಂಗಳಲ್ಲಿ ಪಾರ್ಥೆನಾನ್, ಸುತ್ತ ಮುರಿದ ಅಮೃತಶಿಲೆಯ ಮುಖಗಳು, ಕೆಳಗೆ ಮಲಗಿದ ಅಥೆನ್ಸ್. ಎಲ್ಲವನ್ನೂ ಗೇಲಿ ಮಾಡುತ್ತಾ ಬಂದ ಟ್ವೇನ್ ಇಲ್ಲಿ ಒಮ್ಮೆಗೇ ತಣ್ಣಗಾಗುತ್ತಾನೆ.

ಬೆಳಗಾಗುವ ಮೊದಲು ವಾಪಸ್ ಬರಲೇಬೇಕು. ಬಂದರು. ಪಹರೆಯ ದೋಣಿಯ ಕಣ್ಣು ತಪ್ಪಿಸಿ, ನಸುಕಿನಲ್ಲಿ ಹಡಗಿನ ದೋಣಿಯನ್ನು ಕರೆದು ಹತ್ತಿಕೊಂಡರು. ಸ್ವಂತವಾಗಿ ಊರು ನೋಡಿ ಸಮಯಕ್ಕೆ ಹಡಗಿಗೆ ಮರಳಿದ ಇಷ್ಟು ರೋಚಕ ಕಥೆ ಇನ್ನೊಂದನ್ನು ನಾನು ಓದಿಲ್ಲ. (ಕ್ವಾರಂಟೈನ್ ಮುರಿದದ್ದು ತಪ್ಪೇ. ಕಾಲರಾ ಅವರ ಜೊತೆ ದಡಕ್ಕೆ ಬಂದಿದ್ದರೆ ಕಥೆ ಇಷ್ಟು ಸುಂದರವಾಗಿ ಇರುತ್ತಿರಲಿಲ್ಲ.)

ಕುದುರೆಗಳು ಕೊಟ್ಟ ಬೆಲೆ

ಸೆಪ್ಟೆಂಬರ್‌ನಲ್ಲಿ ಬೇರೂತ್ ಬಂತು. ಅಲ್ಲಿಳಿದು ಡಮಾಸ್ಕಸ್, ಗಲಿಲೀ, ಜೆರುಸಲೇಮ್ ನೋಡಿಕೊಂಡು ಜಾಫಾದಲ್ಲಿ ಹಡಗು ಹತ್ತುವುದು ಎಂಟು ಜನರ ಯೋಜನೆ. ತಲೆಗೆ ದಿನಕ್ಕೆ ಐದು ಡಾಲರ್ ಚಿನ್ನ ಅಂತ ಸ್ಥಳೀಯ ದುಭಾಷಿಯೊಬ್ಬನ ಜೊತೆ ಮಾತಾಯಿತು. ಅವನು ತಂದದ್ದು ೧೯ ಆಳು, ೨೬ ಹೇಸರಗತ್ತೆ, ಡೇರೆ, ಕಬ್ಬಿಣದ ಮಂಚ, ಅಡಿಗೆಯವರು. ಕಾಡಿನಲ್ಲಿ ಮದುವೆ ಮನೆ!

ಆದರೆ ದಿನಗಳು ಎಣಿಸಿದಷ್ಟೇ. ಅದರ ಮೇಲೆ ಗುಂಪಿನ ಮೂವರು ಭಕ್ತರು ಭಾನುವಾರ ಪ್ರಯಾಣ ಮಾಡುವುದಿಲ್ಲ ಅಂದರು, ಅದು ದೇವರ ದಿನ. ಸರಿ, ಹಾಗಾದರೆ ಮೂರು ದಿನದ ದಾರಿಯನ್ನು ಎರಡೇ ದಿನದಲ್ಲಿ ಮುಗಿಸಿ ಶನಿವಾರವೇ ಡಮಾಸ್ಕಸ್ ಸೇರಬೇಕು. ಬೇಸಿಗೆ ಬಿಸಿಲು, ಬೆನ್ನು ಹುಣ್ಣಾದ, ಕುಂಟುವ ಕುದುರೆಗಳು. ಅವುಗಳ ಪರವಾಗಿ ಉಳಿದವರು ಬೇಡಿಕೊಂಡರೂ ಭಕ್ತರು ಕೇಳಲಿಲ್ಲ. ಧರ್ಮದ ಅಕ್ಷರ ಉಳಿಸಲು ಹೋಗಿ ಅದರ ಜೀವವನ್ನೇ ಕಳೆದರು ಅಂತ ಟ್ವೇನನಿಗೆ ಸಿಟ್ಟು.

ಇದನ್ನು ಓದುವಾಗ ನನಗೆ ನಮ್ಮ ಪ್ರಾಜೆಕ್ಟುಗಳು ನೆನಪಾಗುತ್ತವೆ. ಡೆಡ್‌ಲೈನ್ ಒಪ್ಪಿಕೊಳ್ಳುವವರು ಒಬ್ಬರು, ಅದಕ್ಕಾಗಿ ಓಡುವವರು ಇನ್ನೊಬ್ಬರು. ಇವತ್ತೂ "ಇನ್ನೊಂದು ಜಾಗ ನೋಡಿಬಿಡೋಣ" ಅಂತ ಕಾಲ ಕಳೆದು, ಕೊನೆಗೆ ಟ್ಯಾಕ್ಸಿಯವನಿಗೆ "ಹಡಗು ತಪ್ಪಿಹೋಗುತ್ತೆ, ಬೇಗ ಓಡಿಸು" ಅಂದರೆ, ಆ ಗಾಡಿಯ ಮುಂದೆ ರಸ್ತೆ ದಾಟುವವರ ಗತಿ? ನಾವು ಇಟ್ಟುಕೊಳ್ಳದ ಬಿಡುವಿನ ಬೆಲೆಯನ್ನು ಬೇರೆ ಯಾರೋ ಕೊಡುತ್ತಾರೆ.

ವಾಪಸ್ ಟಿಕೆಟ್ ಇಲ್ಲದವರು

ಎಂಟೂ ಜನ ಜಾಫಾ ತಲುಪಿದರು, ಹಡಗೂ ಇತ್ತು. ಅಲ್ಲಿ ಇನ್ನೂ ಕೆಲವರು ಹಡಗು ಹತ್ತಿದರು.

ಹಿಂದಿನ ವರ್ಷ, ೧೮೬೬ರಲ್ಲಿ, ಅಮೆರಿಕದ ಮೇನ್ ರಾಜ್ಯದಿಂದ ೧೫೦ಕ್ಕೂ ಹೆಚ್ಚು ಜನ ಜಾರ್ಜ್ ಆಡಮ್ಸ್ ಎಂಬ ಬೋಧಕನ ಮಾತು ನಂಬಿ, ಪವಿತ್ರ ಭೂಮಿಯಲ್ಲಿ ಬೇಸಾಯ ಮಾಡಿ ಬದುಕುತ್ತೇವೆ ಅಂತ ಮನೆಮಠ ಮಾರಿ ಜಾಫಾಕ್ಕೆ ಬಂದಿದ್ದರು. ರೋಗ ಬಂತು, ಬೆಳೆ ಕೈಕೊಟ್ಟಿತು, ದುಡ್ಡು ಕರಗಿತು. ಮಕ್ಕಳು ಮರಿ ಸತ್ತರು. ಊರಿಗೆ ಹೋಗಲು ಕಾಸಿಲ್ಲ. ಅವರಲ್ಲಿ ಸುಮಾರು ನಲವತ್ತು ಜನರನ್ನು ಕ್ವೇಕರ್ ಸಿಟಿ ಅಲೆಕ್ಸಾಂಡ್ರಿಯಾದವರೆಗೆ ಕರೆದೊಯ್ದಿತು. ಅಲ್ಲಿಂದ ಮೇನ್‌ಗೆ ಕಳಿಸುವ ಖರ್ಚು, ೧,೫೦೦ ಡಾಲರ್, ಕೊಟ್ಟವನು ಪ್ರಯಾಣಿಕರಲ್ಲೊಬ್ಬನಾದ ಮೋಸೆಸ್ ಬೀಚ್, ನ್ಯೂಯಾರ್ಕಿನ 'ಸನ್' ಪತ್ರಿಕೆಯ ಒಡೆಯ.

ಇಡೀ ಪ್ರವಾಸದಲ್ಲಿ ನನಗೆ ಅತಿ ಹೆಚ್ಚು ತಟ್ಟಿದ್ದು ಇದು. ನಮಗೆ ಹಡಗು ತಪ್ಪಿದರೆ ಒಂದು ವಿಮಾನದ ಟಿಕೆಟ್ ಖರ್ಚು. ಇವರಿಗೆ ಮರಳಿ ಹೋಗಲು ಹಡಗೇ ಇರಲಿಲ್ಲ.

ಈಗ?

೨೦೨೪ರ ಮಾರ್ಚ್‌ನಲ್ಲಿ ಆಫ್ರಿಕಾದ ಸಾವೋ ಟೊಮೆ ದ್ವೀಪದಲ್ಲಿ ಖಾಸಗಿ ಟೂರ್ ಹೋಗಿದ್ದ ಎಂಟು ಜನ ತಡವಾಗಿ ಬಂದರು, 'ನಾರ್ವೀಜಿಯನ್ ಡಾನ್' ಹಡಗು ಅವರನ್ನು ಹತ್ತಿಸಿಕೊಳ್ಳಲಿಲ್ಲ. ಹಲವು ದೇಶ ದಾಟಿ ಗ್ಯಾಂಬಿಯಾಕ್ಕೆ ಬಂದರೆ, ಹಡಗಿಗೆ ಅಲ್ಲಿ ನಿಲ್ಲಲು ಆಗಲೇ ಇಲ್ಲ. ಕೊನೆಗೆ ಸೆನೆಗಲ್‌ನ ಡಕಾರ್‌ನಲ್ಲಿ ಸೇರಿಕೊಂಡರು. ಸುದ್ದಿ ಜಗತ್ತೆಲ್ಲ ಓಡಾಡಿತು. ಮುಂದಿನ ಬಂದರು ಅನ್ನುವ ಬ್ಯಾಕಪ್ ಪ್ಲಾನಿಗೂ ಒಂದು ಬ್ಯಾಕಪ್ ಬೇಕು ಅನ್ನುವುದಕ್ಕೆ ಇದಕ್ಕಿಂತ ಉದಾಹರಣೆ ಬೇಡ.

ಕ್ಯಾಪ್ಟನ್ ಕಲ್ಲೆದೆಯವನು ಅಂತ ಬೈಯುವುದು ಸುಲಭ. ಕ್ವೇಕರ್ ಸಿಟಿ ೬೫ ಜನರದೇ ಹಡಗು, ಪ್ರಯಾಣಿಕರೆಲ್ಲ ಒಮ್ಮತದಿಂದ ಕೇಳಿದರೆ ದಾರಿಯನ್ನೇ ಬದಲಿಸಬಹುದಿತ್ತು. ಇಂದಿನ ಹಡಗಿನಲ್ಲಿ ಸಾವಿರಾರು ಜನ. ಬಂದರಿನ ಜಾಗ, ದಾರಿ ತೋರುವ ಪೈಲಟ್, ಎಳೆಯುವ ಟಗ್ ದೋಣಿ, ಸಮುದ್ರದ ಉಬ್ಬರವಿಳಿತ, ಎಲ್ಲ ಗಂಟೆ ಲೆಕ್ಕ.

ನಮ್ಮ ಮಂಗಳೂರಿನ ಪಣಂಬೂರಿಗೂ ಇಂಥ ಹಡಗುಗಳು ಬರುತ್ತವೆ. ಇಳಿದವರು ಕುದ್ರೋಳಿ, ಸಂತ ಅಲೋಶಿಯಸ್ ಚಾಪೆಲ್, ಮೂಡಬಿದಿರೆಯ ಸಾವಿರ ಕಂಬದ ಬಸದಿ ನೋಡಿ ಸಂಜೆಯೊಳಗೆ ಮರಳುತ್ತಾರೆ. ಮೂಡಬಿದಿರೆ ದಾರಿಯ ಟ್ರಾಫಿಕ್ ಬಲ್ಲ ಡ್ರೈವರು "ಸಾರ್, ಇನ್ನು ಹೊರಡೋಣ" ಅಂದರೆ ಅವನ ಮಾತು ಕೇಳುವುದು ಒಳ್ಳೆಯದು. ಮೊದಲು ದೂರದ ಜಾಗ, ಆಮೇಲೆ ಹತ್ತಿರದ್ದು. ಹಡಗಿನ ಏಜೆಂಟರ ಫೋನ್ ನಂಬರ್ ಜೇಬಿನಲ್ಲಿ, ಪಾಸ್‌ಪೋರ್ಟು ಅಥವಾ ಅದರ ನಕಲು ಜೊತೆಯಲ್ಲಿ, ಎರಡು ಗಂಟೆ ಬಿಡುವು ಕೈಯಲ್ಲಿ. ಇಷ್ಟಿದ್ದರೆ ಸ್ವಂತವಾಗಿ ಸುತ್ತಲು ಹೆದರಬೇಕಿಲ್ಲ.

ಆ ಬೆಳದಿಂಗಳ ಆಕ್ರೊಪೊಲಿಸ್ ಯಾವ ಕಂಪನಿಯ ಟೂರಿನಲ್ಲೂ ಇರಲಿಲ್ಲ, ನಾಲ್ಕು ಜನ ತಾವೇ ಹೊರಟಿದ್ದರಿಂದ ಸಿಕ್ಕಿತು. ಅದೇ ಅವಸರ ಡಮಾಸ್ಕಸ್ ದಾರಿಯಲ್ಲಿ ಕುದುರೆಗಳ ಬೆನ್ನು ಸುಲಿಯಿತು. ಹೋಗಬೇಕು, ಖಂಡಿತ ಹೋಗಬೇಕು. ವಾಪಸ್ ಬರುವ ದಾರಿಯ ಖರ್ಚನ್ನು ಇನ್ನೊಬ್ಬರ ಬೆನ್ನ ಮೇಲೆ ಹಾಕದೆ ಹೋಗಬೇಕು, ಅಷ್ಟೆ.

ಏನಂತೀರಿ?